1807: ಮನುಷ್ಯರನ್ನು ಕೊಳ್ಳುವ ಲೋಕದಲ್ಲಿ ಒಂದು ವರ್ಷ

(ಸಂಜೆಯ ಉಪನ್ಯಾಸವೊಂದರ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ಅಂಕಿ-ಅಂಶ ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

1799 ಅಂದರೆ ಶ್ರೀರಂಗಪಟ್ಟಣ ಬಿದ್ದ ವರ್ಷ ಅಂತ ನಮ್ಮ ಮಕ್ಕಳೂ ಹೇಳುತ್ತಾರೆ. 1857 ಅಂದರೆ ಸಿಪಾಯಿಗಳ ದಂಗೆ. 1807 ಅಂದರೆ ಮಾತ್ರ ಯಾರಿಗೂ ತಟ್ಟನೆ ಏನೂ ನೆನಪಾಗುವುದಿಲ್ಲ. ಆದರೂ ನಾನು ಈ ವರ್ಷವನ್ನೇ ಹಿಡಿದುಕೊಂಡು ಬಂದಿದ್ದೇನೆ. ಆ ವರ್ಷದ ಮಾರ್ಚ್ 25ರಂದು ಬ್ರಿಟನ್ನಿನಲ್ಲಿ ಒಂದು ಮಸೂದೆಗೆ ರಾಜನ ಒಪ್ಪಿಗೆ ಬಿತ್ತು. ಆಫ್ರಿಕಾದ ಕರಾವಳಿಯಿಂದ ಮನುಷ್ಯರನ್ನು ಹಡಗಿಗೆ ತುಂಬಿ, ಸಮುದ್ರ ದಾಟಿಸಿ ಮಾರುವ ವ್ಯಾಪಾರ ಬ್ರಿಟಿಷರಿಗೆ ಇನ್ನು ಮುಂದೆ ಅಪರಾಧ ಎಂದಾಯಿತು. ಅಲ್ಲಿಯವರೆಗೆ ಅದು ಗೌರವದ ವ್ಯಾಪಾರ. ಅದರಲ್ಲಿ ದುಡ್ಡು ಮಾಡಿದವರು ಊರಿನ ಮೇಯರ್ ಆಗುತ್ತಿದ್ದರು, ಸಂಸತ್ತಿನ ಸದಸ್ಯರೂ ಆಗುತ್ತಿದ್ದರು.

ಆ ವರ್ಷ ಇನ್ನೂ ಎಷ್ಟೋ ಆಯಿತು. ಯುದ್ಧ, ಒಪ್ಪಂದ, ಹೊಸ ಯಂತ್ರ, ಹೊಸ ಲೋಹ, ಓಡಿಹೋದ ರಾಣಿ. ಎಲ್ಲವನ್ನೂ ಪಟ್ಟಿ ಮಾಡಿ ಓದುವುದಕ್ಕೆ ನನಗೆ ಇಷ್ಟವಿಲ್ಲ. ಒಂದೇ ಪ್ರಶ್ನೆ ಇಟ್ಟುಕೊಂಡು ವರ್ಷದ ಉದ್ದಕ್ಕೂ ಹೋಗೋಣ: ಆ ವರ್ಷ ಯಾರನ್ನು ಕೊಳ್ಳಬಹುದಿತ್ತು, ಯಾರನ್ನು ಮಾರಬಹುದಿತ್ತು?

ಮೊದಲು ಇದು ಎಷ್ಟು ದೊಡ್ಡ ವ್ಯಾಪಾರ ಅಂತ ತಿಳಿಯಬೇಕು. 16ನೇ ಶತಮಾನದಿಂದ 19ನೇ ಶತಮಾನದ ನಡುಭಾಗದವರೆಗೆ ಸುಮಾರು 1 ಕೋಟಿ 25 ಲಕ್ಷ ಆಫ್ರಿಕನ್ನರನ್ನು ಅಟ್ಲಾಂಟಿಕ್ ದಾಟುವ ಹಡಗುಗಳಿಗೆ ಹತ್ತಿಸಿದರು. ಬ್ರಿಟಿಷ್ ಹಡಗುಗಳ ಪಾಲೇ 30 ಲಕ್ಷಕ್ಕಿಂತ ಜಾಸ್ತಿ. ಲಿವರ್‌ಪೂಲ್, ಬ್ರಿಸ್ಟಲ್, ಲಂಡನ್ ಬಂದರುಗಳಿಂದ ಬಟ್ಟೆ, ಬಂದೂಕು, ಮದ್ದು, ಮದ್ಯ ತುಂಬಿಕೊಂಡು ಹಡಗು ಆಫ್ರಿಕಾಕ್ಕೆ ಹೋಗುತ್ತಿತ್ತು. ಅದನ್ನು ಕೊಟ್ಟು ಜನರನ್ನು ಕೊಂಡು ಕೆರಿಬಿಯನ್ ದ್ವೀಪಗಳಲ್ಲಿ ಮಾರುತ್ತಿದ್ದರು. ಅಲ್ಲಿಂದ ಸಕ್ಕರೆ ತುಂಬಿಕೊಂಡು ವಾಪಸ್. ಆ ಬಟ್ಟೆಯಲ್ಲಿ ಒಂದು ದೊಡ್ಡ ಭಾಗ ಎಲ್ಲಿಯದು ಗೊತ್ತಾ? ನಮ್ಮದು. ಗುಜರಾತಿನಲ್ಲಿ, ಕೋರಮಂಡಲ ತೀರದಲ್ಲಿ ನೇಯ್ದ ಹತ್ತಿ ಬಟ್ಟೆಗೆ ಪಶ್ಚಿಮ ಆಫ್ರಿಕಾದಲ್ಲಿ ಒಳ್ಳೆಯ ಬೇಡಿಕೆ ಇತ್ತು. ಮಗ್ಗದ ಮುಂದೆ ಕೂತ ನೇಕಾರನಿಗೆ ತನ್ನ ಬಟ್ಟೆ ಯಾವ ವ್ಯಾಪಾರಕ್ಕೆ ಹೋಗುತ್ತದೆ ಅಂತ ತಿಳಿಯುವ ದಾರಿಯೇ ಇರಲಿಲ್ಲ.

ಇಂಥ ವ್ಯಾಪಾರವನ್ನು ನಿಲ್ಲಿಸಿದ್ದು ಯಾರು? ವಿಲಿಯಂ ವಿಲ್ಬರ್‌ಫೋರ್ಸ್ ಅನ್ನುವ ಹೆಸರು ಎಲ್ಲ ಪಠ್ಯಪುಸ್ತಕಗಳಲ್ಲೂ ಬರುತ್ತದೆ. ಅವರು ಸಂಸತ್ತಿನಲ್ಲಿ ವರ್ಷಗಟ್ಟಲೆ ಬಿಡದೆ ಮಸೂದೆ ತಂದದ್ದು ನಿಜ. ಆದರೆ ನನಗೆ ಅವರಿಗಿಂತ ದೊಡ್ಡವನಾಗಿ ಕಾಣುವವನು ಥಾಮಸ್ ಕ್ಲಾರ್ಕ್‌ಸನ್. 1785ರಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದಲ್ಲಿ ಒಂದು ಲ್ಯಾಟಿನ್ ಪ್ರಬಂಧ ಸ್ಪರ್ಧೆ ಇತ್ತು. ಒಬ್ಬರನ್ನು ಅವರ ಇಚ್ಛೆಗೆ ವಿರುದ್ಧವಾಗಿ ಗುಲಾಮರನ್ನಾಗಿ ಮಾಡುವುದು ನ್ಯಾಯವೇ ಅನ್ನುವುದು ವಿಷಯ. ಬಹುಮಾನಕ್ಕಾಗಿ ಬರೆಯಲು ಕೂತ ಹುಡುಗ, ಓದುತ್ತಾ ಓದುತ್ತಾ ನಿದ್ದೆಗೆಟ್ಟ. ಬಹುಮಾನವೇನೋ ಬಂತು. ಲಂಡನ್ನಿಗೆ ಹೋಗುವ ದಾರಿಯಲ್ಲಿ ಕುದುರೆಯಿಂದ ಇಳಿದು ರಸ್ತೆ ಬದಿಯಲ್ಲಿ ಕೂತು ಯೋಚಿಸಿದ. ಬರೆದದ್ದೆಲ್ಲ ನಿಜವಾದರೆ ಇದಕ್ಕೆ ಯಾರಾದರೂ ಕೊನೆ ಹಾಡಬೇಕಲ್ಲ ಅಂತ ಅನಿಸಿತು. ಆಗ ಅವನಿಗೆ 25 ವರ್ಷ. ಉಳಿದ ಆಯಸ್ಸನ್ನೆಲ್ಲ ಅದಕ್ಕೇ ಕೊಟ್ಟ.

1787ರ ಮೇ 22ರಂದು ಲಂಡನ್ನಿನ ಒಂದು ಮುದ್ರಣದಂಗಡಿಯಲ್ಲಿ 12 ಜನ ಸೇರಿ ಗುಲಾಮ ವ್ಯಾಪಾರ ನಿಲ್ಲಿಸುವುದಕ್ಕೆ ಒಂದು ಸಮಿತಿ ಮಾಡಿಕೊಂಡರು. ಅವರಲ್ಲಿ 9 ಮಂದಿ ಕ್ವೇಕರ್ ಎಂಬ ಕ್ರೈಸ್ತ ಪಂಥದವರು. ಕ್ವೇಕರರಿಗೆ ಆಗ ಸಂಸತ್ತಿಗೆ ಹೋಗುವ ಅವಕಾಶವೇ ಇರಲಿಲ್ಲ. ಅಧಿಕಾರವಿಲ್ಲದ, ಅಂಗಡಿ ಇಟ್ಟುಕೊಂಡಿದ್ದ ಜನ. ಸಾಕ್ಷ್ಯ ಕಲೆಹಾಕುವ ಕೆಲಸ ಕ್ಲಾರ್ಕ್‌ಸನ್ ಪಾಲಿಗೆ ಬಂತು. ಏಳು ವರ್ಷಗಳಲ್ಲಿ ಅವನು ಹೆಚ್ಚಾಗಿ ಕುದುರೆಯ ಮೇಲೆಯೇ ಸುಮಾರು 35,000 ಮೈಲಿ ತಿರುಗಿದ. ಬಂದರಿನ ಹೆಂಡದಂಗಡಿಗಳಲ್ಲಿ ರಾತ್ರಿ ಹೊತ್ತು ಕೂತು ನಾವಿಕರನ್ನು ಮಾತಾಡಿಸಿದ. ಲಿವರ್‌ಪೂಲಿನ ಒಂದು ಅಂಗಡಿಯಲ್ಲಿ ಕೈಕೋಳ, ಕಾಲ್ಕೋಳ, ಹೆಬ್ಬೆರಳು ಜಜ್ಜುವ ತಿರುಪು, ಇವೆಲ್ಲ ಬಹಿರಂಗವಾಗಿ ಮಾರಾಟಕ್ಕಿದ್ದವು. ಅವನ್ನು ಕೊಂಡ. ಅಲ್ಲೇ ಇನ್ನೊಂದು ಸಲಕರಣೆ ಸಿಕ್ಕಿತು. ಕತ್ತರಿಯ ಹಾಗಿದ್ದ ಅದನ್ನು ಹಲ್ಲುಗಳ ನಡುವೆ ತೂರಿಸಿ ತಿರುಪು ತಿರುಗಿಸಿದರೆ ಬಾಯಿ ತೆರೆದುಕೊಳ್ಳುತ್ತಿತ್ತು. ಇದು ಯಾಕೆ ಬೇಕು? ಹಡಗಿನಲ್ಲಿ ಊಟ ಬಿಟ್ಟು ಸಾಯಲು ನಿಂತವರ ಬಾಯಿಗೆ ಬಲವಂತವಾಗಿ ಗಂಜಿ ಸುರಿಯುವುದಕ್ಕೆ.

ಒಂದು ಸಲ ಅವನಿಗೆ ಒಬ್ಬ ನಾವಿಕ ಸಾಕ್ಷಿಯಾಗಿ ಬೇಕಾಗಿತ್ತು. ಆ ನಾವಿಕ ಆಫ್ರಿಕಾದ ನದಿಯೊಂದರಲ್ಲಿ ಒಳಗೆ ಹೋಗಿ, ಹಳ್ಳಿಗಳಿಂದ ಜನರನ್ನು ಹೇಗೆ ಹಿಡಿದು ತರುತ್ತಾರೆ ಅಂತ ಕಣ್ಣಾರೆ ಕಂಡಿದ್ದ. ಅವನ ಹೆಸರು ಕ್ಲಾರ್ಕ್‌ಸನ್‌ಗೆ ಗೊತ್ತಿರಲಿಲ್ಲ. ಯುದ್ಧನೌಕೆಯೊಂದರಲ್ಲಿ ಇದ್ದಾನೆ ಅನ್ನುವುದಷ್ಟೇ ಸುಳಿವು. ಬಂದರಿನಿಂದ ಬಂದರಿಗೆ ಹೋಗಿ, ನೂರಾರು ಹಡಗು ಹತ್ತಿ ಇಳಿದು, ಕೊನೆಗೆ ಪ್ಲಿಮತ್‌ನಲ್ಲಿ ಅವನನ್ನು ಪತ್ತೆ ಹಚ್ಚಿದ. ಚಳವಳಿ ಅಂದರೆ ವೇದಿಕೆಯ ಭಾಷಣ ಮಾತ್ರ ಅಂದುಕೊಂಡವರಿಗೆ ನಾನು ಈ ಕತೆ ಹೇಳುತ್ತೇನೆ.

ಇನ್ನೊಂದು ಚಿತ್ರ. ಲಿವರ್‌ಪೂಲಿನ ‘ಬ್ರೂಕ್ಸ್’ ಅನ್ನುವ ಹಡಗಿನ ನಕ್ಷೆ. ಇಂದಿಗೂ ಎಲ್ಲೆಡೆ ಅಚ್ಚಾಗುತ್ತದೆ, ನಿಮ್ಮಲ್ಲಿ ಕೆಲವರು ನೋಡಿರಬಹುದು. 1788ರಲ್ಲಿ ಬಂದ ಒಂದು ಕಾನೂನಿನ ಪ್ರಕಾರ ಆ ಹಡಗಿಗೆ 454 ಜನರನ್ನು ತುಂಬಬಹುದಿತ್ತು. ಸಮಿತಿಯವರು ಲೆಕ್ಕ ಹಾಕಿ ಹೆಚ್ಚುಕಡಿಮೆ ಅಷ್ಟೂ ಜನರನ್ನು ನಕ್ಷೆಯಲ್ಲಿ ಮಲಗಿಸಿ ತೋರಿಸಿದರು. ಒಬ್ಬ ಗಂಡಸಿಗೆ 6 ಅಡಿ ಉದ್ದ, 1 ಅಡಿ 4 ಅಂಗುಲ ಅಗಲ. ನಮ್ಮ ಬಸ್ಸಿನ ಸೀಟಿನಲ್ಲಿ ಒಬ್ಬರಿಗೆ ಸಿಗುವ ಅಗಲದಷ್ಟೇ ಜಾಗದಲ್ಲಿ ಆರೇಳು ವಾರ, ಕೋಳ ಹಾಕಿಸಿಕೊಂಡು ಮಲಗಿರಬೇಕು. ಇದು ಕಾನೂನು ಒಪ್ಪಿದ ಸಂಖ್ಯೆ. ಅದಕ್ಕೂ ಹಿಂದಿನ ಒಂದು ಪ್ರಯಾಣದಲ್ಲಿ ಅದೇ ಹಡಗು 600ಕ್ಕೂ ಜಾಸ್ತಿ ಜನರನ್ನು ಹೊತ್ತಿತ್ತು. ನಕ್ಷೆಯಲ್ಲಿ ಒಂದು ಬೈಗುಳವಿಲ್ಲ, ಒಂದು ಉದ್ಗಾರವಿಲ್ಲ. ಬರೀ ಅಳತೆ. ಅದನ್ನು ಮನೆಗಳ ಗೋಡೆಗೆ, ಹೋಟೆಲುಗಳ ಗೋಡೆಗೆ ಅಂಟಿಸಿದರು.

ಆಫ್ರಿಕನ್ನರೇ ಈ ಹೋರಾಟದಲ್ಲಿ ಇದ್ದರು ಅನ್ನುವುದನ್ನು ಮರೆಯಬಾರದು. ಓಲಾಡಾ ಇಕ್ವಿಯಾನೊ ಗುಲಾಮನಾಗಿದ್ದವನು. ದುಡಿದು ದುಡ್ಡು ಕೂಡಿಸಿ ತನ್ನನ್ನು ತಾನೇ ಕೊಂಡುಕೊಂಡ. 1789ರಲ್ಲಿ ತನ್ನ ಆತ್ಮಕತೆ ಅಚ್ಚು ಹಾಕಿಸಿ, ಊರೂರು ತಿರುಗಿ ಮಾರಿದ. ಹಡಗಿನ ತಳದ ವಾಸನೆ, ಅಳು, ಭಯ ಹೇಗಿತ್ತು ಅಂತ ಓದುಗರು ಅನುಭವಿಸಿದವನ ಬಾಯಿಂದಲೇ ಕೇಳಿದರು. 1797ರಲ್ಲಿ ಅವನು ತೀರಿಕೊಂಡ. ಕಾನೂನು ಬರಲು ಇನ್ನೂ ಹತ್ತು ವರ್ಷ ಇತ್ತು.

ಜನ ಏನು ಮಾಡಿದರು? ಸಕ್ಕರೆ ಬಿಟ್ಟರು. 1791–92ರಲ್ಲಿ ಗುಲಾಮರು ಬೆಳೆದ ಸಕ್ಕರೆ ಬೇಡ ಅಂತ ಸುಮಾರು 3 ಲಕ್ಷ ಜನ ನಿರ್ಧರಿಸಿದರು ಅನ್ನುವುದು ಕ್ಲಾರ್ಕ್‌ಸನ್ ಅಂದಾಜು. ಹೆಂಗಸರಿಗೆ ಮತ ಹಾಕುವ ಹಕ್ಕಿರಲಿಲ್ಲ. ಆದರೆ ಮನೆಗೆ ಏನು ಕೊಳ್ಳಬೇಕು ಅನ್ನುವುದು ಅವರ ಕೈಯಲ್ಲಿತ್ತು. 1792ರಲ್ಲಿ 519 ಮನವಿ ಪತ್ರಗಳು ಸಂಸತ್ತಿಗೆ ಬಂದವು. ಸಹಿ ಹಾಕಿದವರು ಸುಮಾರು 3 ಲಕ್ಷ 90 ಸಾವಿರ. ಇವರಲ್ಲಿ ಬಹಳಷ್ಟು ಮಂದಿಗೆ ಮತವಿರಲಿಲ್ಲ, ಆಫ್ರಿಕಾವನ್ನು ಕಂಡವರಂತೂ ಇರಲೇ ಇಲ್ಲ ಅನ್ನಬಹುದು. ಕಾಣದ ಜನರ ಸಂಕಟಕ್ಕಾಗಿ ಇಷ್ಟು ಜನ ಸಹಿ ಹಾಕಿದ್ದು ನನಗೆ ಆ ಕಾಲದ ಎಲ್ಲ ಯುದ್ಧಗಳಿಗಿಂತ ದೊಡ್ಡ ಸಂಗತಿ.

ಆದರೂ ಸೋತರು. ಮನವಿಗಳಿಗೂ ಮುಂಚೆ, 1791ರಲ್ಲಿ, ಮಸೂದೆ 163–88 ಮತಗಳಿಂದ ಬಿದ್ದಿತ್ತು. ಮನವಿಗಳು ಬಂದ ಮೇಲೂ ಕಾನೂನು ಆಗಲಿಲ್ಲ. ಆಮೇಲೆ ಫ್ರಾನ್ಸ್ ಜೊತೆ ಯುದ್ಧ ಶುರುವಾಯಿತು. ಸುಧಾರಣೆ ಅಂದವನನ್ನೆಲ್ಲ ಫ್ರೆಂಚ್ ಕ್ರಾಂತಿಯ ಪಕ್ಷದವನು ಅಂತ ಅನುಮಾನಿಸುವ ಕಾಲ ಬಂತು. ಇತ್ತ ಕೆರಿಬಿಯನ್‌ನ ಫ್ರೆಂಚ್ ವಸಾಹತಿನಲ್ಲಿ 1791ರಲ್ಲಿ ಗುಲಾಮರು ದಂಗೆ ಎದ್ದರು. 13 ವರ್ಷ ಕಾದಾಡಿ, ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿ, 1804ರಲ್ಲಿ ಹೈಟಿ ಎಂಬ ಸ್ವತಂತ್ರ ದೇಶ ಕಟ್ಟಿದರು. ಲಂಡನ್ನಿನ ಸಂಸದರು ಇದನ್ನೆಲ್ಲ ಕಣ್ಣು ಬಿಟ್ಟು ನೋಡುತ್ತಿದ್ದರು. ಇನ್ನಷ್ಟು ಜನರನ್ನು ಹಿಡಿದು ತಂದು ದ್ವೀಪಗಳಲ್ಲಿ ತುಂಬುವುದು ತಮಗೇ ಅಪಾಯ ಅನ್ನುವ ಭಯ ಹಲವರಿಗೆ ಹುಟ್ಟಿತು.

1806ರಲ್ಲಿ ಒಂದು ಜಾಣತನದ ದಾರಿ ತೆರೆಯಿತು. ಜೇಮ್ಸ್ ಸ್ಟೀಫನ್ ಅನ್ನುವ ವಕೀಲ ಹೇಳಿಕೊಟ್ಟದ್ದು. ಶತ್ರು ದೇಶಗಳ ವಸಾಹತುಗಳಿಗೆ ಬ್ರಿಟಿಷ್ ಹಡಗುಗಳು ಗುಲಾಮರನ್ನು ಒಯ್ಯಬಾರದು ಅಂತ ಒಂದು ಮಸೂದೆ ತಂದರು. ಇದು ಯುದ್ಧದ ಕ್ರಮ, ಶತ್ರುವಿಗೆ ಯಾಕೆ ಕೂಲಿಯಾಳು ಒದಗಿಸಬೇಕು ಅನ್ನುವ ವಾದ. ಮಾನವೀಯತೆಯ ಮಾತು ಯಾರೂ ಆಡಲಿಲ್ಲ. ವಿಲ್ಬರ್‌ಫೋರ್ಸ್ ಬೇಕೆಂದೇ ಸುಮ್ಮನಿದ್ದರು. ಮಸೂದೆ ಸದ್ದಿಲ್ಲದೆ ಪಾಸಾಯಿತು. ಬ್ರಿಟಿಷ್ ಗುಲಾಮ ವ್ಯಾಪಾರದ ದೊಡ್ಡ ಪಾಲು ಅಲ್ಲಿಗೇ ನಿಂತಿತು.

ಹೀಗೆ 1807 ಬಂತು. ಫೆಬ್ರವರಿ 23ರ ರಾತ್ರಿ ಮುಖ್ಯ ಮಸೂದೆ ಸಂಸತ್ತಿನ ಕೆಳಮನೆಯಾದ ಹೌಸ್ ಆಫ್ ಕಾಮನ್ಸ್‌ನಲ್ಲಿ ಚರ್ಚೆಗೆ ಬಂತು. ಆ ರಾತ್ರಿ ಸ್ಯಾಮ್ಯುಯೆಲ್ ರೊಮಿಲಿ ಎಂಬ ಸಂಸದರು ಮಾತಾಡುತ್ತಾ ಇಬ್ಬರನ್ನು ಎದುರುಬದುರು ನಿಲ್ಲಿಸಿದರು. ಒಬ್ಬ ನೆಪೋಲಿಯನ್, ಅಧಿಕಾರದ ತುತ್ತತುದಿಯಲ್ಲಿದ್ದರೂ ಸುರಿಸಿದ ರಕ್ತದ ನೆನಪಿನಲ್ಲಿ ಹಾಸಿಗೆಗೆ ಹೋಗುವವನು. ಇನ್ನೊಬ್ಬ ಈ ಮತದ ನಂತರ ಮನೆಗೆ ಹೋಗಿ ನೆಮ್ಮದಿಯಾಗಿ ತಲೆಯಿಡುವ ವಿಲ್ಬರ್‌ಫೋರ್ಸ್. ಸದನ ಎದ್ದು ನಿಂತಿತು. ವಿಲ್ಬರ್‌ಫೋರ್ಸ್ ತಲೆ ತಗ್ಗಿಸಿ ಅತ್ತುಬಿಟ್ಟರು. ಮತ ಎಣಿಸಿದರೆ 283ಕ್ಕೆ 16.

ಕಾನೂನಿನಲ್ಲಿ ಇದ್ದದ್ದೇನು? 1807ರ ಮೇ 1ರ ನಂತರ ಯಾವ ಹಡಗೂ ಗುಲಾಮ ವ್ಯಾಪಾರಕ್ಕೆ ಬ್ರಿಟಿಷ್ ಬಂದರು ಬಿಡುವಂತಿಲ್ಲ. 1808ರ ಮಾರ್ಚ್ 1ರ ನಂತರ ವಸಾಹತುಗಳಲ್ಲಿ ಗುಲಾಮರನ್ನು ಇಳಿಸುವಂತಿಲ್ಲ. ಸಿಕ್ಕಿಬಿದ್ದರೆ ತಲೆಗೆ 100 ಪೌಂಡ್ ದಂಡ. ದಂಡ ಕಟ್ಟಿಯೂ ಲಾಭ ಮಾಡುವವರಿದ್ದರು. ಹಾಗಾಗಿ 1811ರಲ್ಲಿ ಅದನ್ನು ಗಡೀಪಾರು ಶಿಕ್ಷೆಯ ಅಪರಾಧ ಮಾಡಬೇಕಾಯಿತು. ಎಲ್ಲಕ್ಕಿಂತ ಮುಖ್ಯವಾದದ್ದು ಕಾನೂನು ಏನು ಹೇಳಲಿಲ್ಲ ಅನ್ನುವುದು. ಆಗಲೇ ಗುಲಾಮರಾಗಿದ್ದ ಒಬ್ಬರನ್ನೂ ಅದು ಬಿಡಿಸಲಿಲ್ಲ. ಜಮೈಕಾದ ಕಬ್ಬಿನ ಗದ್ದೆಯಲ್ಲಿದ್ದ ಹೆಂಗಸಿಗೆ ಮೇ 1 ಕೂಡ ಏಪ್ರಿಲ್ 30ರ ಹಾಗೆಯೇ ಇತ್ತು.

ಇಲ್ಲಿ ಸಭೆಯಲ್ಲಿದ್ದ ಒಬ್ಬರು ಎದ್ದು ಕೇಳಿದರು: “ಸಕ್ಕರೆಯಲ್ಲಿ ಲಾಭ ಕಡಿಮೆಯಾಯಿತು, ಅದಕ್ಕೇ ನಿಲ್ಲಿಸಿದರು ಅಂತ ಓದಿದ್ದೇವೆ ಸಾರ್. ಹೌದಾ?” ಒಳ್ಳೆಯ ಪ್ರಶ್ನೆ. ಮುಂದೆ ಟ್ರಿನಿಡಾಡ್‌ನ ಮೊದಲ ಪ್ರಧಾನಿಯಾದ ಎರಿಕ್ ವಿಲಿಯಮ್ಸ್ ಎಂಬ ಇತಿಹಾಸಕಾರ 1944ರಲ್ಲಿ ಈ ವಾದವನ್ನು ಬಹಳ ಬಲವಾಗಿ ಮಂಡಿಸಿದರು. ಬ್ರಿಟನ್ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತಿದ್ದ ಕಾಲದಲ್ಲಿ ಆ ಮಾತು ಬೇಕಾಗಿತ್ತು. ಆಮೇಲೆ ಸೀಮೋರ್ ಡ್ರೆಷರ್ ಮೊದಲಾದವರು ಲೆಕ್ಕಪತ್ರ ತೆಗೆದು ನೋಡಿದರು. 1807ರಲ್ಲಿ ಈ ವ್ಯಾಪಾರ ನಷ್ಟದಲ್ಲೇನೂ ಇರಲಿಲ್ಲ, ಬ್ರಿಟನ್ ಲಾಭವನ್ನು ಕೈಬಿಟ್ಟಿತು ಅಂತ ತೋರಿಸಿದರು. ನನ್ನ ಅಭಿಪ್ರಾಯ ಕೇಳಿದರೆ, ಜನರ ಒತ್ತಡವಿಲ್ಲದೆ ಇದು ಆಗುತ್ತಿರಲಿಲ್ಲ. ಯುದ್ಧ, ಹೈಟಿಯ ಭಯ, ಸಂಸತ್ತಿನ ಲೆಕ್ಕಾಚಾರ ಕೂಡಿ ಬರದಿದ್ದರೆ ಅದೇ ಒತ್ತಡ ಇನ್ನೂ ಇಪ್ಪತ್ತು ವರ್ಷ ಬಾಗಿಲ ಹೊರಗೇ ನಿಂತಿರುತ್ತಿತ್ತು.

ಮಾರ್ಚ್ 25ರಂದೇ, ಅಂದರೆ ಮಸೂದೆಗೆ ಒಪ್ಪಿಗೆ ಬಿದ್ದ ದಿನವೇ, ವೇಲ್ಸ್‌ನ ಸ್ವಾನ್ಸಿ ಹತ್ತಿರ ಇನ್ನೊಂದು ಘಟನೆ ನಡೆಯಿತು. ಸುಣ್ಣದ ಕಲ್ಲು ಸಾಗಿಸಲು ಹಾಕಿದ್ದ ಹಳಿಯ ಮೇಲೆ ಕುದುರೆ ಕಟ್ಟಿದ ಬಂಡಿಯಲ್ಲಿ ಜನರನ್ನು ಕೂರಿಸಿಕೊಂಡು ಹೋದರು. ಕಾಸು ಕೊಟ್ಟು ರೈಲು ಹಳಿಯ ಮೇಲೆ ಪ್ರಯಾಣ ಮಾಡಿದ ಮೊದಲ ಜನ ಅವರು. ಒಂದು ವರ್ಷ ಜನರನ್ನು ಸಾಗಿಸುವ ಹಕ್ಕಿಗೆ ಗುತ್ತಿಗೆದಾರ ಕೊಟ್ಟದ್ದು 20 ಪೌಂಡ್.

ಅತ್ತ ಯುರೋಪಿನಲ್ಲಿ ನೆಪೋಲಿಯನ್ ಕಾಲ. ಫೆಬ್ರವರಿ 7 ಮತ್ತು 8ರಂದು ಐಲಾವ್ ಎಂಬಲ್ಲಿ ಹಿಮ ಸುರಿಯುತ್ತಿರುವಾಗ ಫ್ರೆಂಚರೂ ರಷ್ಯನ್ನರೂ ಕಾದಾಡಿ ಸಾವಿರಾರು ಜನ ಸತ್ತರು. ಯಾರೂ ಗೆಲ್ಲಲಿಲ್ಲ. ಜೂನ್ 14ರಂದು ಫ್ರೀಡ್‌ಲ್ಯಾಂಡ್‌ನಲ್ಲಿ ನೆಪೋಲಿಯನ್ ಗೆದ್ದ. ಜೂನ್ 25ರಂದು ಟಿಲ್ಸಿಟ್ ಊರಿನ ಬಳಿ ನೀಮನ್ ನದಿಯ ನಡುವೆ ತೆಪ್ಪ ಕಟ್ಟಿ, ಅದರ ಮೇಲೆ ಡೇರೆ ಹಾಕಿ, ಅವನೂ ರಷ್ಯಾದ ಚಕ್ರವರ್ತಿ ಅಲೆಕ್ಸಾಂಡರನೂ ಭೇಟಿಯಾದರು. ಯುರೋಪನ್ನು ಇಬ್ಬರೂ ಹಂಚಿಕೊಂಡರು. ಈ ಯುದ್ಧದಲ್ಲಿ ಸೋತಿದ್ದ ಜರ್ಮನ್ ರಾಜ್ಯ ಪ್ರಷ್ಯದ ರಾಜನನ್ನು ಆ ದಿನ ತೆಪ್ಪಕ್ಕೂ ಕರೆಯಲಿಲ್ಲ. ಅವನ ರಾಜ್ಯದ ಹೆಚ್ಚುಕಡಿಮೆ ಅರ್ಧ ಕೈಬಿಟ್ಟಿತು. ಆ ಕಾಲದ ಪತ್ರಿಕೆಗಳಿಗೆ ವರ್ಷದ ದೊಡ್ಡ ಸುದ್ದಿ ಇದೇ. ಐದೇ ವರ್ಷಕ್ಕೆ ನೆಪೋಲಿಯನ್ ಅದೇ ನದಿ ದಾಟಿ ರಷ್ಯಾದ ಮೇಲೆ ದಂಡೆತ್ತಿ ಹೋದ. ಒಪ್ಪಂದ ಅಲ್ಲಿಗೆ ಮುಗಿಯಿತು.

ಟಿಲ್ಸಿಟ್‌ನಿಂದ ಉಳಿದದ್ದು ಬೇರೆಯೇ. ಸೋತು ಸುಣ್ಣವಾದ ಪ್ರಷ್ಯಕ್ಕೆ ತಾನು ಯಾಕೆ ಸೋತೆ ಅಂತ ಯೋಚಿಸುವ ಅನಿವಾರ್ಯ ಬಂತು. ಭೂಮಿಗೆ ಕಟ್ಟಿಹಾಕಿದ ರೈತನಿಗೆ ಯಾವ ದೇಶ, ಯಾವ ರಾಜ? ಒಡೆಯನ ಅಪ್ಪಣೆಯಿಲ್ಲದೆ ಅವನು ಊರು ಬಿಡುವಂತಿಲ್ಲ, ಮದುವೆಯನ್ನೂ ಆಗುವಂತಿಲ್ಲ. ಸ್ಟೈನ್ ಎಂಬ ಮಂತ್ರಿಯ ಮುಂದಾಳತ್ವದಲ್ಲಿ ಅಕ್ಟೋಬರ್ 9ರಂದು ಒಂದು ರಾಜಾಜ್ಞೆ ಹೊರಬಿತ್ತು. 1810ರ ನವೆಂಬರ್‌ನಿಂದ ಪ್ರಷ್ಯದಲ್ಲಿ ಎಲ್ಲರೂ ಸ್ವತಂತ್ರರು ಎಂದಿತು. ಬ್ರಿಟನ್ನಿನಲ್ಲಿ ಜನ ಸಹಿ ಹಾಕಿ ತಂದದ್ದನ್ನು ಇಲ್ಲಿ ಸೋಲು ತಂದಿತು. ಇಲ್ಲಿಯೂ ಅರ್ಧವೇ. ರೈತರಿಗೆ ಸ್ವಾತಂತ್ರ್ಯ ಬಂತು. ಭೂಮಿಯ ಬಹುಪಾಲು ಮಾತ್ರ ಒಡೆಯರ ಬಳಿಯೇ ಉಳಿಯಿತು.

ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಮಾಡಿದ ಕೆಲಸ ಓದಿದಾಗ ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಡೆನ್ಮಾರ್ಕ್ ಆಗ ಯಾರ ಪಕ್ಷವೂ ಅಲ್ಲ. ಅದರ ನೌಕಾಪಡೆ ನೆಪೋಲಿಯನ್ ಕೈಗೆ ಹೋದೀತು ಅನ್ನುವ ಅನುಮಾನದ ಮೇಲೆ ಸೆಪ್ಟೆಂಬರ್ 2ರಿಂದ 5ರವರೆಗೆ ಕೋಪನ್‌ಹೇಗನ್ ನಗರದ ಮೇಲೆ ಬ್ರಿಟಿಷರು ಗುಂಡಿನ ಮಳೆ ಸುರಿಸಿದರು. ಮನೆಗಳು ಉರಿದವು. ನಗರದ ದೊಡ್ಡ ಚರ್ಚಿನ ಗೋಪುರ ಕುಸಿಯಿತು. ಆ ದಾಳಿಯಲ್ಲಿ ಕಾಂಗ್ರೀವ್ ರಾಕೆಟ್‌ಗಳನ್ನು ಬಳಸಿದರು. ಇವುಗಳ ಮೂಲ ಮೈಸೂರು. ಹೈದರ್ ಮತ್ತು ಟಿಪ್ಪು ಸೈನ್ಯದ, ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು ಶ್ರೀರಂಗಪಟ್ಟಣ ಬಿದ್ದ ಮೇಲೆ ಇಂಗ್ಲೆಂಡಿಗೆ ಒಯ್ದಿದ್ದರು. ಅವನ್ನು ನೋಡಿ ವಿಲಿಯಂ ಕಾಂಗ್ರೀವ್ ತನ್ನದನ್ನು ಬೆಳೆಸಿದ. ಇನ್ನೊಂದು ವಿಷಯ ನೆನಪಿಡಿ. ಗುಲಾಮ ವ್ಯಾಪಾರವನ್ನು ಕಾನೂನಿನಿಂದ ನಿಲ್ಲಿಸುವುದರಲ್ಲಿ ಡೆನ್ಮಾರ್ಕ್ ಬ್ರಿಟನ್ನಿಗಿಂತ ಮುಂದಿತ್ತು. 1792ರಲ್ಲೇ ಆಜ್ಞೆ ಹೊರಡಿಸಿ 1803ರಿಂದ ಜಾರಿಗೆ ತಂದಿತ್ತು. ಫೆಬ್ರವರಿಯಲ್ಲಿ ಆಫ್ರಿಕನ್ನರಿಗಾಗಿ ಅತ್ತ ಸಂಸತ್ತಿನ ದೇಶವೇ ಸೆಪ್ಟೆಂಬರ್‌ನಲ್ಲಿ ಇದನ್ನೂ ಮಾಡಿತು.

ಇಸ್ತಾಂಬುಲ್‌ನಲ್ಲಿ ಮೇ ತಿಂಗಳಲ್ಲಿ ಸುಲ್ತಾನ ಮೂರನೆಯ ಸೆಲಿಂ ಪಟ್ಟ ಕಳೆದುಕೊಂಡ. ಯುರೋಪಿನ ಮಾದರಿಯ ಕವಾಯತು, ಸಮವಸ್ತ್ರ ತರಲು ಹೋದದ್ದೇ ದಂಗೆಗೆ ಕಿಡಿಯಾಯಿತು. ನಮಗೆ ಇದು ಹೊಸದಲ್ಲ. ಹಿಂದಿನ ವರ್ಷ, 1806ರ ಜುಲೈ 10ರಂದು, ವೆಲ್ಲೂರು ಕೋಟೆಯಲ್ಲಿ ಸಿಪಾಯಿಗಳು ಎದ್ದದ್ದೂ ಹೊಸ ಟೋಪಿಗೆ, ಹಣೆಯ ನಾಮ-ವಿಭೂತಿ ಅಳಿಸಿ ಗಡ್ಡ ಬೋಳಿಸಬೇಕೆಂಬ ಆಜ್ಞೆಗೆ. ಕೋಟೆಯಲ್ಲಿ ಟಿಪ್ಪುವಿನ ಮಕ್ಕಳು ಸೆರೆಯಲ್ಲಿದ್ದರು. ದಂಗೆಯ ನಂತರ ಅವರನ್ನು ದೂರದ ಕಲ್ಕತ್ತಾಕ್ಕೆ ಸಾಗಿಸಿದರು. 1807ರಲ್ಲಿ ಮದ್ರಾಸಿನ ಗವರ್ನರ್ ವಿಲಿಯಂ ಬೆಂಟಿಂಕ್‌ನನ್ನು ಕಂಪನಿ ವಾಪಸ್ ಕರೆಸಿಕೊಂಡಿತು.

ಈಗ ಅಮೆರಿಕಕ್ಕೆ ಹೋಗೋಣ. ಆಗಸ್ಟ್ 17, ಮಧ್ಯಾಹ್ನ 1 ಗಂಟೆ. ನ್ಯೂಯಾರ್ಕ್‌ನ ದಡದಿಂದ ರಾಬರ್ಟ್ ಫುಲ್ಟನ್‌ನ ಉಗಿಹಡಗು ಹೊರಟಿತು. ಎಂಜಿನ್ ಇಂಗ್ಲೆಂಡಿನ ಬೋಲ್ಟನ್ ಮತ್ತು ವಾಟ್ ಕಾರ್ಖಾನೆಯದು. ಇಕ್ಕೆಲಗಳಲ್ಲಿ ನೀರು ಸೀಳುವ ದೊಡ್ಡ ಚಕ್ರ. ಪೈನ್ ಸೌದೆಯ ಒಲೆ, ಚಿಮಣಿಯಿಂದ ಕಿಡಿ, ಹೊಗೆ. ಸ್ವಲ್ಪ ದೂರ ಹೋಗಿ ನಿಂತುಬಿಟ್ಟಿತು. ಹಡಗಿನಲ್ಲಿದ್ದ ಸ್ನೇಹಿತರೇ ಗೊಣಗಲು ಶುರು ಮಾಡಿದರು. ಫುಲ್ಟನ್ ಅರ್ಧ ಗಂಟೆ ಸಮಯ ಕೇಳಿ ಕೆಳಗಿಳಿದು, ಎಂಜಿನ್ನಿನ ಸಣ್ಣದೊಂದು ಜೋಡಣೆ ಸರಿಪಡಿಸಿ ಬಂದ. ಆಮೇಲೆ ಹಡಗು ನಿಲ್ಲಲಿಲ್ಲ. ಹಡ್ಸನ್ ನದಿಯ ಹರಿವಿಗೆ ಎದುರಾಗಿ ಆಲ್ಬನಿಯವರೆಗೆ 150 ಮೈಲಿ. ಚಲಿಸಿದ ಹೊತ್ತು 32 ಗಂಟೆ, ಅಂದರೆ ಗಂಟೆಗೆ 5 ಮೈಲಿಗೂ ಸ್ವಲ್ಪ ಕಡಿಮೆ. ಉಗಿಹಡಗು ಅದಕ್ಕೂ ಮುಂಚೆ ಇತ್ತು. ಆದರೆ ಜನ ಟಿಕೆಟ್ ಕೊಂಡು ಹತ್ತುವ, ಲಾಭ ತರುವ ಉಗಿಹಡಗು ಇಲ್ಲಿಂದ ಶುರು. ಗಾಳಿಗಾಗಿ ಕಾಯುವ ಕೆಲಸ ನಿಧಾನವಾಗಿ ಮುಗಿಯಿತು.

ಇದೇ ವರ್ಷ ಮಾರ್ಚ್ 2ರಂದು ಅಮೆರಿಕದ ಅಧ್ಯಕ್ಷ ಜೆಫರ್ಸನ್ ಕೂಡ ಒಂದು ಕಾನೂನಿಗೆ ಸಹಿ ಹಾಕಿದ್ದರು. 1808ರ ಜನವರಿ 1ರಿಂದ ಹೊರಗಿನಿಂದ ಗುಲಾಮರನ್ನು ತರುವಂತಿಲ್ಲ. ಸಹಿ ಹಾಕಿದವರ ಸ್ವಂತ ತೋಟದಲ್ಲೇ ಗುಲಾಮರಿದ್ದರು. ಕಾನೂನಿನ ಒಳಗಿನ ಒಂದು ಸಾಲು ಓದಿದರೆ ಮನಸ್ಸು ಕಹಿಯಾಗುತ್ತದೆ. ಕಳ್ಳಸಾಗಣೆಯ ಹಡಗು ಹಿಡಿದಾಗ ಅದರಲ್ಲಿದ್ದ ಆಫ್ರಿಕನ್ನರನ್ನು ಏನು ಮಾಡಬೇಕು? ಆಯಾ ರಾಜ್ಯಕ್ಕೆ ಬಿಟ್ಟದ್ದು. ರಾಜ್ಯ ಬೇಕಾದರೆ ಅವರನ್ನು ಹರಾಜು ಹಾಕಬಹುದಿತ್ತು.

ಕಾನೂನು ಮತ್ತು ಉಗಿಹಡಗು ಇವೆರಡನ್ನೂ ಸೇರಿಸಿ ನೋಡಬೇಕು ಅನ್ನುವುದು ಇವತ್ತಿನ ನನ್ನ ಮುಖ್ಯ ಮಾತು. 1811ರಲ್ಲಿ ಉಗಿಹಡಗು ಒಹಾಯೊ ಮತ್ತು ಮಿಸಿಸಿಪಿ ನದಿಗೆ ಇಳಿಯಿತು. ಇಂಗ್ಲೆಂಡಿನ ಲಂಕಾಶೈರಿನ ಗಿರಣಿಗಳಿಗೆ ಹತ್ತಿ ಬೇಕಿತ್ತು. ಮಿಸಿಸಿಪಿಯ ದಂಡೆಯಲ್ಲಿ ಹತ್ತಿ ಬೆಳೆಯಲು ಹೊಸ ಭೂಮಿ ಇತ್ತು. ದುಡಿಯುವವರನ್ನು ಆಫ್ರಿಕಾದಿಂದ ತರುವಂತಿಲ್ಲ. ಹಾಗಾಗಿ ವರ್ಜೀನಿಯಾ, ಮೇರಿಲ್ಯಾಂಡ್ ಕಡೆಯ ಗುಲಾಮರನ್ನು ದಕ್ಷಿಣಕ್ಕೆ ಮಾರತೊಡಗಿದರು. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗುವವರೆಗೆ ಹೀಗೆ ಸಾಗಿಸಿದವರು ಸುಮಾರು 10 ಲಕ್ಷ. ಗಂಡನನ್ನು ಹೆಂಡತಿಯಿಂದ, ಮಗುವನ್ನು ತಾಯಿಯಿಂದ ಅಗಲಿಸಿ ಮಾರಿದ ವ್ಯಾಪಾರ ಇದು. ಹಲವರು ನ್ಯೂ ಆರ್ಲಿಯನ್ಸ್‌ನ ಸಂತೆಗೆ ಬಂದದ್ದು ಉಗಿಹಡಗಿನಲ್ಲೇ. ಕಾನೂನು ಒಂದು ಬಾಗಿಲು ಮುಚ್ಚಿತು, ಯಂತ್ರ ಇನ್ನೊಂದನ್ನು ತೆಗೆಯಿತು. ಯಂತ್ರದ ತಪ್ಪಲ್ಲ ಅಂತ ನಾವು ಹೇಳಬಹುದು. ಯಾವ ಲೋಕಕ್ಕೆ ಆ ಯಂತ್ರ ಬಂತು ಅನ್ನುವುದನ್ನು ಬಿಟ್ಟು ಅದರ ಕತೆ ಹೇಳುವುದು ಮಾತ್ರ ಸರಿಯಲ್ಲ.

ವರ್ಷದ ಕೊನೆಗೆ ನೆಪೋಲಿಯನ್ ಸೈನ್ಯ ಲಿಸ್ಬನ್ ಕಡೆ ಬಂತು. ನವೆಂಬರ್ 29ರಂದು ಪೋರ್ಚುಗಲ್‌ನ ರಾಜಮನೆತನ ರಾಣಿ ಮರಿಯಾಳನ್ನು ಕರೆದುಕೊಂಡು, ಆಸ್ಥಾನದ ಸಾವಿರಾರು ಜನರ ಜೊತೆ ಬ್ರಿಟಿಷ್ ನೌಕೆಗಳ ಕಾವಲಿನಲ್ಲಿ ಬ್ರೆಜಿಲ್‌ಗೆ ಹೊರಟಿತು. ಮರುದಿನವೇ ಫ್ರೆಂಚರು ಲಿಸ್ಬನ್ ಹೊಕ್ಕರು. ಯುರೋಪಿನ ಸಾಮ್ರಾಜ್ಯವೊಂದು ವಸಾಹತಿನಲ್ಲಿ ಕೂತು ಆಳಿದ್ದು ಆಗಲೇ. ಅದರ ನಂತರದ ವರ್ಷಗಳಲ್ಲಿ ರಿಯೊ ಡಿ ಜನೈರೊ ಬಂದರಿಗೆ ಬಂದ ಗುಲಾಮರ ಸಂಖ್ಯೆ ಏರುತ್ತಲೇ ಹೋಯಿತು. ಬ್ರೆಜಿಲ್ ಈ ಆಮದನ್ನು ನಿಜವಾಗಿ ನಿಲ್ಲಿಸಿದ್ದು 1850ರ ನಂತರ. ಗುಲಾಮಗಿರಿಯನ್ನು ರದ್ದು ಮಾಡಿದ್ದು 1888ರಲ್ಲಿ.

ವಿಜ್ಞಾನದ ಕಡೆ ಒಂದೆರಡು ಮಾತು. ಜನವರಿ 28ರಂದು ಲಂಡನ್ನಿನ ಪಾಲ್ ಮಾಲ್ ರಸ್ತೆಯಲ್ಲಿ ಗ್ಯಾಸ್ ದೀಪ ಹೊತ್ತಿತು. ಮಾರ್ಚ್ 29ರಂದು ಓಲ್ಬರ್ಸ್ ಎಂಬ ಜರ್ಮನ್ ಖಗೋಳಜ್ಞ ವೆಸ್ಟಾ ಎಂಬ ಕ್ಷುದ್ರಗ್ರಹ ಕಂಡುಹಿಡಿದ. ಅಕ್ಟೋಬರ್‌ನಲ್ಲಿ ಹಂಫ್ರಿ ಡೇವಿ ಎಂಬ ರಸಾಯನಶಾಸ್ತ್ರಜ್ಞ ಪೊಟ್ಯಾಷ್ ಎಂಬ ಕ್ಷಾರಕ್ಕೆ ವಿದ್ಯುತ್ ಹರಿಸಿದಾಗ ಪಾದರಸದಂಥ ಹೊಳೆಯುವ ಹನಿಗಳು ಮೇಲೆ ಬಂದು ಭಗ್ಗನೆ ಹೊತ್ತಿಕೊಂಡವು. ಅದೇ ಪೊಟ್ಯಾಸಿಯಂ. ಅವನು ಖುಷಿಯಿಂದ ಕೋಣೆ ತುಂಬಾ ಕುಣಿದಾಡಿದ ಅಂತ ಜೊತೆಗಿದ್ದ ಅವನ ಸಂಬಂಧಿ ಹೇಳಿದ್ದಾನೆ. ಕೆಲವೇ ದಿನಗಳಲ್ಲಿ ಸೋಡಿಯಂ ಕೂಡ ಸಿಕ್ಕಿತು.

ಹಾಗಾದರೆ ನಮ್ಮ ಕಡೆ? ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಇನ್ನೂ ಹುಡುಗ, ಆಡಳಿತ ದಿವಾನ್ ಪೂರ್ಣಯ್ಯನವರದು. 1807ರಲ್ಲಿ ಕಂಪನಿಯ ಜೊತೆ ಇನ್ನೊಂದು ಒಪ್ಪಂದವಾಗಿ, 4,000 ಕುದುರೆ ಸವಾರರನ್ನು ಮೈಸೂರು ಸದಾ ಸಾಕಬೇಕಾಯಿತು. ಪೂರ್ಣಯ್ಯನವರಿಗೆ ಯಳಂದೂರು ಜಹಗೀರಾಗಿ ಸಿಕ್ಕಿದ್ದೂ ಆ ವರ್ಷವೇ.

ಅದೇ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳ ಒಂದು ಪುಸ್ತಕ ಅಚ್ಚಾಯಿತು. ಬರೆದವನು ಫ್ರಾನ್ಸಿಸ್ ಬುಕಾನನ್, ಕಂಪನಿಯ ವೈದ್ಯ. ಗವರ್ನರ್ ಜನರಲ್ ವೆಲ್ಲೆಸ್ಲಿ ಅಪ್ಪಣೆಯಂತೆ 1800–01ರಲ್ಲಿ ಮೈಸೂರು, ಮಲಬಾರ್, ಕೆನರಾ ಸೀಮೆಯನ್ನೆಲ್ಲ ಸುತ್ತಿ ಬರೆದ ದಿನಚರಿ. ಯಾವ ಊರಲ್ಲಿ ಯಾವ ಭತ್ತ, ಆಳಿಗೆ ಎಷ್ಟು ಕೂಲಿ, ಕಬ್ಬಿಣ ಹೇಗೆ ಕಾಯಿಸುತ್ತಾರೆ, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಹೇಗೆ ಎಳೆಯುತ್ತಾರೆ, ಎಲ್ಲ ಇದೆ. ತುಳುನಾಡಿಗೆ ಬಂದಾಗ ಅವನು ಬರೆಯುತ್ತಾನೆ: ಇಲ್ಲಿ ಬೇಸಾಯ ಹೆಚ್ಚಾಗಿ ಕೂಲಿಯಾಳುಗಳಿಂದ ನಡೆಯುತ್ತದೆ, ಜೊತೆಗೆ ಮೂಲದಾಳುಗಳೂ ಇದ್ದಾರೆ, ಅವರು ಕೊಂಡ ಆಳುಗಳು. ಅವರಿಗೆ ದಿನಕ್ಕೆ ಎಷ್ಟು ಅಕ್ಕಿ ಕೊಡುತ್ತಾರೆ ಎನ್ನುವುದನ್ನೂ ದಾಖಲಿಸುತ್ತಾನೆ. ಅದೇ ಶಾಂತ ಧ್ವನಿ, ಅಡಿಕೆ ಮೆಣಸಿನ ಧಾರಣೆ ಬರೆದ ಹಾಗೆ.

ಮಾರ್ಚ್‌ನಲ್ಲಿ ಬಂದ ಕಾನೂನು ಈ ಮೂಲದಾಳುಗಳನ್ನು ಮುಟ್ಟಲಿಲ್ಲ. 1833ರಲ್ಲಿ ಬ್ರಿಟನ್ ಗುಲಾಮಗಿರಿಯನ್ನೇ ರದ್ದು ಮಾಡಿತು. ಆಗ ಒಡೆಯರಿಗೆ 2 ಕೋಟಿ ಪೌಂಡ್ ಪರಿಹಾರ ಕೊಟ್ಟರು, ಗುಲಾಮರಾಗಿದ್ದವರಿಗೆ ಒಂದು ಕಾಸೂ ಇಲ್ಲ. ಆ ಕಾನೂನಿನಲ್ಲೂ ಈಸ್ಟ್ ಇಂಡಿಯಾ ಕಂಪನಿಯ ಪ್ರದೇಶಕ್ಕೆ ಅನ್ವಯಿಸುವುದಿಲ್ಲ ಅಂತ ಸ್ಪಷ್ಟವಾಗಿ ಬರೆದಿತ್ತು. 1820ರ ದಶಕದಲ್ಲಿ ಇಂಗ್ಲೆಂಡಿನ ಮನೆಗಳಲ್ಲಿ ‘ಈಸ್ಟ್ ಇಂಡಿಯಾ ಸಕ್ಕರೆ, ಗುಲಾಮರು ಮಾಡಿದ್ದಲ್ಲ’ ಎಂದು ಬರೆದ ಸಕ್ಕರೆ ಬಟ್ಟಲು ಇಟ್ಟುಕೊಳ್ಳುತ್ತಿದ್ದರು. ಒಳ್ಳೆಯ ಮನಸ್ಸಿನ ಜನ. ಇಂಡಿಯಾದ ಹೊಲಗಳಲ್ಲಿಯೂ ಕೊಂಡ ಆಳುಗಳಿದ್ದರು ಅನ್ನುವುದು ಬುಕಾನನ್ ಪುಸ್ತಕದಲ್ಲಿ ಅಚ್ಚಾಗಿ ಕೂತಿತ್ತು.

1834ರಲ್ಲಿ ಮಾರಿಷಸ್‌ನ ಕಬ್ಬಿನ ತೋಟಗಳಿಗೆ ಭಾರತದಿಂದ ಕರಾರಿನ ಕೂಲಿಗಳನ್ನು ಸಾಗಿಸುವುದು ದೊಡ್ಡದಾಗಿ ಶುರುವಾಯಿತು. ಬಿಡುಗಡೆಯಾದ ಆಫ್ರಿಕನ್ನರ ಜಾಗ ತುಂಬುವುದಕ್ಕೆ. 1843ರ 5ನೇ ಕಾಯ್ದೆ ಬಂದ ಮೇಲೆ ಕಂಪನಿಯ ಕೋರ್ಟುಗಳು ಮನುಷ್ಯರನ್ನು ಆಸ್ತಿ ಅಂತ ಒಪ್ಪುವುದನ್ನು ನಿಲ್ಲಿಸಿದವು. ಗುಲಾಮರನ್ನು ಕೊಳ್ಳುವುದು, ಮಾರುವುದು ಅಪರಾಧವಾದದ್ದು ದಂಡ ಸಂಹಿತೆಯಿಂದ, 1860ರ ದಶಕದಲ್ಲಿ. ಸಾಲಕ್ಕೆ ಜೀತವಿಡುವುದನ್ನು ರದ್ದು ಮಾಡಿದ ಕಾಯ್ದೆ ಬಂದದ್ದು 1976ರಲ್ಲಿ. ಈ ಸಭೆಯಲ್ಲಿ ಕೂತವರಲ್ಲಿ ಎಷ್ಟೋ ಮಂದಿ ಆಗ ಹುಟ್ಟಿದ್ದರು.

ಬುಕಾನನ್‌ನ ಮೂರೂ ಸಂಪುಟ ಈಗ ಇಂಟರ್ನೆಟ್‌ನಲ್ಲಿ ಉಚಿತವಾಗಿ ಓದಲು ಸಿಗುತ್ತವೆ. ಕೋಲಾರ, ಶಿರಾ, ಮಂಗಳೂರು, ಕಾರ್ಕಳ, ಗೋಕರ್ಣ, ಬನವಾಸಿ, ಇಕ್ಕೇರಿ, ಚಿತ್ರದುರ್ಗ, ಈ ಕಡೆಯವರಾದರೆ ಮೊದಲು ನಿಮ್ಮ ಸೀಮೆಯ ಪುಟ ತೆಗೆದು ನೋಡಿ. ಊರಿನ ಹೆಸರನ್ನು ಅವನು ಕಿವಿಗೆ ಬಿದ್ದ ಹಾಗೆ ಬರೆದಿದ್ದಾನೆ. ಎರಡು ಮೂರು ಬಗೆಯ ಕಾಗುಣಿತದಲ್ಲಿ ಹುಡುಕಬೇಕಾಗುತ್ತದೆ. ಸಿಕ್ಕಿದ ಮೇಲೆ ಬೆಳೆ, ಧಾರಣೆ ಓದಿ ಮುಗಿಸಿ ಎದ್ದುಬಿಡಬೇಡಿ. ಆಳುಗಳ ಬಗ್ಗೆ ಬರೆದ ಸಾಲುಗಳನ್ನೂ ಓದಿ.